ಸಿಕ್ಕಿಕೊಂಡಾಗ ಏನು ಮಾಡುತ್ತಾರೆ ನೋಡಿ: ವಯಸ್ಕರಿಗೆ ಡಿಜಿಟಲ್ ಪರೀಕ್ಷೆ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ವಯಸ್ಕರ ಡಿಜಿಟಲ್ ಕಲಿಕೆಗೆ ಪರೀಕ್ಷೆ ನಡೆಸುವವರು, ಅದಕ್ಕೆ ಪ್ರಶ್ನೆ ತೆಗೆಯುವವರು, ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು, ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ದೊಡ್ಡವರಿಗೆ ಮೊಬೈಲ್, ಕಂಪ್ಯೂಟರ್ ಹೇಳಿಕೊಡುವ ಮೇಷ್ಟ್ರು. ಸಂಜೆ ತರಗತಿ. ಬರುವವರಲ್ಲಿ ನಲವತ್ತು ದಾಟಿದವರೇ ಜಾಸ್ತಿ. ಒಂದಿಬ್ಬರು ನನ್ನ ತಾಯಿಯ ವಾರಿಗೆಯವರು. ಹೇಳಿಕೊಡುವುದು ಖುಷಿಯ ಕೆಲಸ. ಕೋರ್ಸ್ ಮುಗಿದ ಮೇಲೆ ನಿಮ್ಮ ಕಡೆಯಿಂದ ಬರುವ ಪ್ರಶ್ನೆಪತ್ರಿಕೆ ಬಿಚ್ಚಿದಾಗ ಮಾತ್ರ ಆ ಖುಷಿ ಇಳಿದುಹೋಗುತ್ತದೆ.

ಯಾಕೆ ಅಂತ ಹೇಳಲು ಒಬ್ಬ ಅಮ್ಮನ ವಿಷಯ ಹೇಳಬೇಕು. ಹೋದ ಸಲದ ಬ್ಯಾಚಿನವರು. ವಯಸ್ಸು ಐವತ್ತೈದರ ಆಸುಪಾಸು. ಒಂದು ಸಂಜೆ ತರಗತಿಯಲ್ಲೇ ಕೂತು ಯಾವುದೋ ಆನ್‌ಲೈನ್ ಅರ್ಜಿ ತುಂಬುತ್ತಿದ್ದರು. ಹೆಸರು, ವಿಳಾಸ ಎಲ್ಲ ಆಯಿತು. ದಾಖಲೆಯ ಫೋಟೊ ಅಪ್‌ಲೋಡ್ ಮಾಡುವ ಜಾಗಕ್ಕೆ ಬಂದು ಗಾಡಿ ನಿಂತಿತು. ಫೈಲ್ ದೊಡ್ಡದಾಯಿತು ಅಂತ ಕೆಂಪಕ್ಷರದಲ್ಲಿ ಸಂದೇಶ. ನಾನು ಎದ್ದು ಹೋಗಿ ಸರಿಮಾಡಿ ಕೊಡೋಣ ಅಂದುಕೊಂಡೆ. ಆಮೇಲೆ ಯಾಕೋ ಸುಮ್ನೆ ಕೂತು ನೋಡಿದೆ.

ಮೊದಲು ಅದೇ ಫೋಟೊ ಇನ್ನೊಂದು ಸಲ ಹಾಕಿದರು. ಮತ್ತೆ ಕೆಂಪು. ಕನ್ನಡಕ ಮೇಲೆ ಸರಿಸಿ ಸಂದೇಶ ಓದಿದರು, ಈ ಸಲ ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ. ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಾ ಕೂತರು. ಆಮೇಲೆ ಗ್ಯಾಲರಿಗೆ ಹೋಗಿ, ಆ ಫೋಟೊ ತೆರೆದು, ಅದರ ಸ್ಕ್ರೀನ್‌ಶಾಟ್ ತೆಗೆದರು. ಮೇಲೆ ಕೆಳಗಿನ ಕಪ್ಪು ಪಟ್ಟಿ ಕ್ರಾಪ್ ಮಾಡಿ, ಅರ್ಜಿಗೆ ವಾಪಸ್ ಬಂದು ಅದನ್ನೇ ಹಾಕಿದರು. ಹಸಿರು ಟಿಕ್ ಬಂತು.

"ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?" ಅಂತ ಕೇಳಿದೆ.

"ಯಾರೂ ಇಲ್ಲ ಸರ್. ಮಗಳಿಗೆ ಫೋಟೊ ಕಳಿಸಿದ್ರೆ ತಿರುಗ್ತಾನೇ ಇರುತ್ತೆ, ಸ್ಕ್ರೀನ್‌ಶಾಟ್ ಆದ್ರೆ ಬೇಗ ಹೋಗುತ್ತೆ. ಹಾಗಾದ್ರೆ ಅದು ಸಣ್ಣದಿರಬೇಕು ಅಲ್ವಾ?"

ಫೈಲ್ ಸಣ್ಣದು ಮಾಡಲು ಇದೇ ಒಳ್ಳೆಯ ದಾರಿ ಅಂತ ನಾನು ಹೇಳುತ್ತಿಲ್ಲ. ಅಕ್ಷರ ಮಸುಕಾಗುವ ಸಾಧ್ಯತೆ ಇದೆ. ಆದರೆ ಆ ತಲೆ ಓಡಿದ ರೀತಿ ನೋಡಿ. ಎಲ್ಲೋ ಗಮನಿಸಿದ್ದನ್ನು ಇನ್ನೆಲ್ಲೋ ತಂದು ಜೋಡಿಸಿದರು. ಹೆದರಿ ಫೋನ್ ಪಕ್ಕಕ್ಕಿಡಲಿಲ್ಲ. ಇಂಥದ್ದನ್ನು ಪಾಠ ಮಾಡಿ ಕಲಿಸಲು ನನಗೆ ಇಷ್ಟು ವರ್ಷದಲ್ಲಿ ಆಗಿಲ್ಲ.

ಮೂರು ವಾರ ಬಿಟ್ಟು ಪರೀಕ್ಷೆ. ಪೂರ್ತಿ ಬಹು ಆಯ್ಕೆ. ಅದರಲ್ಲೊಂದು ಪ್ರಶ್ನೆ: ಪರದೆ ಯಾವ ಬಗೆಯ ಸಾಧನ? ಇನ್‌ಪುಟ್, ಔಟ್‌ಪುಟ್, ಎರಡೂ, ಯಾವುದೂ ಅಲ್ಲ. ಅವರು 'ಎರಡೂ' ಅಂತ ಗುರುತು ಹಾಕಿದರು. ತಪ್ಪು ಅಂತ ಬಂತು. "ಇಲ್ಲೇ ಮುಟ್ಟುತ್ತೀನಿ, ಇಲ್ಲೇ ಕಾಣುತ್ತೆ, ತಪ್ಪು ಹೇಗೆ ಸರ್?" ಅಂದರು. ಟಚ್‌ಸ್ಕ್ರೀನ್ ಫೋನ್ ಕೈಯಲ್ಲಿ ಹಿಡಿದುಕೊಂಡವರಿಗೆ ನಾನೇನು ಉತ್ತರ ಕೊಡಲಿ? ಅವರು ಹೇಳಿದ್ದೇ ಸರಿ. ನಿಮ್ಮ ಪ್ರಶ್ನೆ ತೆಗೆದವರ ಕಣ್ಣಮುಂದೆ ಇದ್ದದ್ದು ಮೇಜಿನ ಮೇಲಿನ ಹಳೆಯ ಮಾನಿಟರ್. ಎರಡು ಅಂಕದಲ್ಲಿ ಫೇಲಾದರು.

ಅದೇ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದ. ಹಳೆಯ ಪ್ರಶ್ನೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಉರು ಹೊಡೆದ. ಒಳ್ಳೆಯ ಅಂಕವೇ ಬಂತು. ತಿಂಗಳಾಗುವ ಮೊದಲೇ ಒಂದು ನಕಲಿ ಪುಟದಲ್ಲಿ ತನ್ನ ಪಾಸ್‌ವರ್ಡ್ ಹಾಕಿ, ಖಾತೆ ಕಳೆದುಕೊಂಡು ನನ್ನ ಹತ್ತಿರ ಓಡಿಬಂದ. "ಬೀಗದ ಗುರುತು ಇತ್ತಲ್ಲ ಸರ್!" ಅಂತ ಒಂದೇ ಹಟ. ಅವನ ತಪ್ಪಿಲ್ಲ. ಬ್ರೌಸರಿನಲ್ಲಿ ಸೈಟ್ ವಿಳಾಸದ ಪಕ್ಕ ಬೀಗ ಕಂಡರೆ ಸೈಟ್ ಸುರಕ್ಷಿತ ಅಂತ ಉರು ಹೊಡೆದದ್ದಕ್ಕೇ ಅವನಿಗೆ ಅಂಕ ಬಂದಿತ್ತು. ಬೀಗ ಹೇಳುವುದು ಇಷ್ಟೇ: ನಿಮಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದುವಂತಿಲ್ಲ. ಆ ಸೈಟ್ ಕಳ್ಳನದ್ದೋ ಸಾಚಾನದ್ದೋ ಅದು ಹೇಳುವುದಿಲ್ಲ. ಕಳ್ಳರೂ ಬೀಗ ಹಾಕಿಕೊಳ್ಳುತ್ತಾರೆ. ಜನ ಇದನ್ನು ತಪ್ಪಾಗಿ ತಿಳಿದುಕೊಳ್ಳುತ್ತಿದ್ದಾರೆ ಅಂತಲೇ ಗೂಗಲ್‌ನವರು 2023ರಲ್ಲಿ ತಮ್ಮ ಕ್ರೋಮ್ ಬ್ರೌಸರಿನಿಂದ ಆ ಬೀಗದ ಚಿತ್ರವನ್ನು ತೆಗೆದು ಬೇರೆ ಚಿಹ್ನೆ ಹಾಕಿದರು. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಅದು ಇನ್ನೂ ಇದೆ.

ಪಾಸ್‌ವರ್ಡ್ ಪ್ರಶ್ನೆಯದ್ದೂ ಇದೇ ಹಣೆಬರಹ. ಇಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಅದರಲ್ಲೊಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು ಅಂತ ಬರೆದರೆ ಪೂರ್ತಿ ಅಂಕ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಈ ಎರಡು ನಿಯಮಗಳನ್ನು ಕೈಬಿಡಲು ಹೇಳಿತು. ಹಾಗೆ ಒತ್ತಾಯ ಮಾಡಿದರೆ ಜನ ಹಳೆಯದಕ್ಕೇ ಕೊನೆಯಲ್ಲಿ ಒಂದು ಅಂಕಿ ಸೇರಿಸಿ ಮುಗಿಸುತ್ತಾರೆ, ಕದಿಯುವವರಿಗೆ ಅದು ಇನ್ನೂ ಸುಲಭ. ಉದ್ದ ಇರಲಿ, ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸದಿರಲಿ, ಸೋರಿಕೆ ಆದರೆ ತಕ್ಷಣ ಬದಲಿಸಲಿ, ಇದು ಈಗಿನ ಮಾತು. ನಾನು ತರಗತಿಯಲ್ಲಿ ಇದನ್ನು ಹೇಳಿ, ಪರೀಕ್ಷೆಯ ಹಿಂದಿನ ದಿನ "ನಾಳೆ ಒಂದು ದಿನಕ್ಕೆ ಮಾತ್ರ ಹಳೆಯದನ್ನೇ ಬರೆಯಿರಿ" ಅಂತ ಹೇಳಬೇಕಾಗುತ್ತದೆ. ನಾಚಿಕೆಯಾಗುತ್ತದೆ ಹಾಗೆ ಹೇಳಲು.

ಹಳೇ ಪ್ರಶ್ನೆ ಬದಲಿಸಿ ಹೊಸದು ಹಾಕಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೊಸದೂ ನಾಲ್ಕು ವರ್ಷಕ್ಕೆ ಹಳೆಯದಾಗುತ್ತದೆ. ನಾನು ಕೇಳುವುದು ಬೇರೆ. ಮನುಷ್ಯ ಸಿಕ್ಕಿಕೊಂಡಾಗ ಏನು ಮಾಡುತ್ತಾನೆ ಅನ್ನುವುದನ್ನು ಅಳೆಯಿರಿ. ಆ್ಯಪ್ ಬದಲಾಗುತ್ತದೆ, ಬಟನ್ ಜಾಗ ಬದಲಾಗುತ್ತದೆ, ನಾನು ಕಲಿಸಿದ ಹೆಜ್ಜೆಗಳು ಒಂದು ಅಪ್‌ಡೇಟ್‌ಗೆ ಕೆಲಸಕ್ಕೆ ಬಾರದಾಗುತ್ತವೆ. ಅವತ್ತು ನಾನು ಪಕ್ಕದಲ್ಲಿ ಇರುವುದಿಲ್ಲ. ಅವತ್ತು ಅವರು ಹೊರಬರುತ್ತಾರಾ ಇಲ್ಲವಾ ಅನ್ನುವುದೇ ಕೌಶಲ.

ಇದು ನಾನು ಕಂಡುಹಿಡಿದ ಮಾತೇನಲ್ಲ. ಯುರೋಪಿಯನ್ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ 2013ರಲ್ಲಿ ಡಿಜ್‌ಕಾಂಪ್ ಅನ್ನುವ ಚೌಕಟ್ಟು ತಂದಿತು. ನಾಗರಿಕರಿಗೆ ಬೇಕಾದ ಡಿಜಿಟಲ್ ಸಾಮರ್ಥ್ಯಗಳು ಯಾವುವು ಅಂತ 5 ವಿಭಾಗದಲ್ಲಿ 21 ಸಾಮರ್ಥ್ಯಗಳನ್ನು ಗುರುತಿಸಿದರು. 2017ರ ಆವೃತ್ತಿಯಲ್ಲಿ ಪ್ರತಿಯೊಂದಕ್ಕೂ 8 ಮೆಟ್ಟಿಲು ಹಾಕಿದರು. ನನಗೆ ಇಷ್ಟವಾದದ್ದು ಆ ಮೆಟ್ಟಿಲುಗಳನ್ನು ವಿವರಿಸಿದ ರೀತಿ. ಮೊದಲನೆಯದರಲ್ಲಿ ಸರಳ ಕೆಲಸ, ಅದೂ ಒಬ್ಬರು ದಾರಿ ತೋರಿಸಿದರೆ. ಎರಡನೆಯದರಲ್ಲಿ ತಾನೇ ಮಾಡುತ್ತಾರೆ, ಬೇಕಾದಾಗ ಕೇಳುತ್ತಾರೆ. ಮೂರನೆಯದರಲ್ಲಿ ಯಾರ ಹಂಗೂ ಇಲ್ಲದೆ ನೇರವಾದ ಸಮಸ್ಯೆ ಬಿಡಿಸುತ್ತಾರೆ. ನಾಲ್ಕನೆಯದರಲ್ಲಿ ದಿನನಿತ್ಯ ಬಾರದ ಸಮಸ್ಯೆಯನ್ನೂ ನಿಭಾಯಿಸುತ್ತಾರೆ. ಐದಕ್ಕೆ ಬಂದರೆ ಇನ್ನೊಬ್ಬರಿಗೆ ದಾರಿ ತೋರಿಸುತ್ತಾರೆ. ಎಷ್ಟು ಸ್ವಂತವಾಗಿ, ಎಂಥ ತೊಡಕಿನಲ್ಲಿ, ಇದೇ ಅಳತೆಗೋಲು. ಇಡೀ ಏಣಿಯನ್ನು ಅವರು ಈಜು ಕಲಿಯುವುದಕ್ಕೆ ಹೋಲಿಸಿದ್ದಾರೆ. ದಡದಲ್ಲಿ ಕೂರಿಸಿ, ನೀರಿನ ರಾಸಾಯನಿಕ ಸೂತ್ರ ಬರೆಸಿ, ಈಜು ಬರುತ್ತದೆ ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ ಅಲ್ವಾ?

ಇದರಲ್ಲಿ ಇನ್ನೊಂದು ಒಳ್ಳೆಯ ಮಾತು ಅಡಗಿದೆ. ಸಹಾಯ ತೆಗೆದುಕೊಂಡು ಮಾಡುವುದಕ್ಕೂ ಅಲ್ಲಿ ಒಂದು ಮೆಟ್ಟಿಲು ಇದೆ. ನಿಮ್ಮ ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳಿದರೆ ಕಾಪಿ. ಬದುಕಿನಲ್ಲಿ ಸರಿಯಾದ ಹೊತ್ತಿಗೆ ಸರಿಯಾದವರನ್ನು ಕೇಳುವುದು ದೊಡ್ಡ ಜಾಣತನ. "ಇದು ಹೋಗ್ತಾ ಇಲ್ಲ" ಅನ್ನುವವರಿಗೂ "ಸಬ್‌ಮಿಟ್ ಒತ್ತಿದೆ, ದಿನಾಂಕ ತಪ್ಪು ಅಂತ ಹೇಳ್ತಾ ಇದೆ, ಯಾವ ಕ್ರಮದಲ್ಲಿ ಹಾಕಬೇಕು?" ಅನ್ನುವವರಿಗೂ ಅಜಗಜಾಂತರ. ಎರಡನೆಯವರು ಅರ್ಧ ದಾರಿ ಬಂದುಬಿಟ್ಟಿದ್ದಾರೆ. ಆ ಅರ್ಧ ದಾರಿಗೆ ನಿಮ್ಮಲ್ಲಿ ಅಂಕ ಇಲ್ಲ.

ದೊಡ್ಡ ದೊಡ್ಡವರೂ ಇದರಲ್ಲಿ ಎಡವಿ ಕಲಿತಿದ್ದಾರೆ. ಹಲವು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ, ವಯಸ್ಕರ ಕೌಶಲ ಅಳೆಯಲು ಪಿಯಾಕ್ ಅನ್ನುವ ಸಮೀಕ್ಷೆ ನಡೆಸುತ್ತದೆ. 2011-12ರಲ್ಲಿ ಶುರುವಾದ ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಮೇಲೆ ಬರೆಯುವ ಮುಂಚೆ ಒಂದು ಪುಟ್ಟ ಜರಡಿ ಇತ್ತು: ಕ್ಲಿಕ್ ಮಾಡುವುದು, ಟೈಪ್ ಮಾಡುವುದು, ಸ್ಕ್ರಾಲ್ ಮಾಡುವುದು, ಎಳೆದು ಬಿಡುವುದು. ಅದರಲ್ಲಿ ನಪಾಸಾದವರು, ಕಂಪ್ಯೂಟರನ್ನೇ ಮುಟ್ಟಿರದವರು, ನನಗೆ ಬೇಡಪ್ಪ ಅಂದವರು ಕಾಗದದ ಮೇಲೆ ಬರೆದರು. ತಂತ್ರಜ್ಞಾನ ಬಳಸಿ ಸಮಸ್ಯೆ ಬಿಡಿಸುವ ವಿಭಾಗ ಕಾಗದದಲ್ಲಿ ಇರಲೇ ಇಲ್ಲ. ಹಾಗಾಗಿ ಅವರಿಗೆ ಅದರಲ್ಲಿ ಅಂಕವೇ ಇಲ್ಲ, ಸೊನ್ನೆ ಕೂಡ ಇಲ್ಲ. ಯಾರ ಬಗ್ಗೆ ತಿಳಿಯುವುದು ಜಾಸ್ತಿ ಮುಖ್ಯವಾಗಿತ್ತೋ ಅವರೇ ಲೆಕ್ಕದಿಂದ ಹೊರಗೆ. 31 ದೇಶ, ಪ್ರದೇಶಗಳಲ್ಲಿ ನಡೆದ ಎರಡನೇ ಸುತ್ತಿನ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು. ಈ ಸಲ ಟ್ಯಾಬ್ಲೆಟ್ ಕೊಟ್ಟಿದ್ದರು. ಹಳೆಯ ವಿಭಾಗದ ಜಾಗಕ್ಕೆ ಹೊಸದೊಂದು ಬಂದಿತ್ತು. ಕೆಲಸದ ಮಧ್ಯೆ ಪರಿಸ್ಥಿತಿ ಬದಲಾದರೆ ನೀವೂ ದಾರಿ ಬದಲಿಸುತ್ತೀರಾ, ಅಥವಾ ಹಳೆಯದನ್ನೇ ಹಿಡಿದುಕೊಂಡು ಕೂರುತ್ತೀರಾ ಅಂತ ಅದು ನೋಡುತ್ತದೆ. ಆ ಅಮ್ಮನ ಸ್ಕ್ರೀನ್‌ಶಾಟ್ ನೆನಪಾಯಿತು ನನಗೆ.

ಸರಿ, ಹೇಗೆ ಮಾಡುವುದು ಅಂತ ಕೇಳುತ್ತೀರಿ. ನಾನು ನನ್ನ ತರಗತಿಯಲ್ಲಿ ಸುಮ್ನೆ ಒಂದು ಪ್ರಯೋಗ ಮಾಡುತ್ತಿದ್ದೇನೆ, ಅದನ್ನೇ ಹೇಳುತ್ತೇನೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಅವರದ್ದೇ ಫೋನು. ಒಂದು ಕೆಲಸ ಕೊಡುತ್ತೇನೆ, ಅದರಲ್ಲಿ ಬೇಕಂತಲೇ ಒಂದು ಮುಳ್ಳು ಇಟ್ಟಿರುತ್ತೇನೆ. ಕಳಿಸಿದ ಲಿಂಕ್ ತೆರೆಯುವುದಿಲ್ಲ. ಫಾರ್ಮ್‌ನಲ್ಲಿ ಕೇಳಿದ ದಿನಾಂಕದ ಕ್ರಮ ಬೇರೆ. ಹೆಸರಾಂತ ಸಂಸ್ಥೆಯದ್ದು ಅನ್ನುವ ಹಾಗಿರುವ ಇಮೇಲ್, ವಿಳಾಸದಲ್ಲಿ ಮಾತ್ರ ಒಂದಕ್ಷರ ಆಚೀಚೆ. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ, ಬಾಯಿ ಬಿಡುವುದಿಲ್ಲ. (ನಿಜ ಹೇಳಬೇಕೆಂದರೆ ಬಾಯಿ ಬಿಡದೆ ಕೂರುವುದೇ ಮೇಷ್ಟ್ರುಗಳಿಗೆ ಕಷ್ಟದ ಪರೀಕ್ಷೆ.) ಸಂದೇಶ ಓದಿದರಾ, ಓದದೆ ಮುಚ್ಚಿದರಾ? ಹಿಂದಕ್ಕೆ ಹೋಗುವುದು ಗೊತ್ತಾಯಿತಾ? ಬೇರೆ ದಾರಿ ಹುಡುಕಿದರಾ? ಕೇಳಿದರೆ ಏನಂತ ಕೇಳಿದರು? ಅನುಮಾನ ಬಂದಾಗ ನಿಂತರಾ? ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದು ನನ್ನ ಹಾಳೆಯಲ್ಲಿ ಕೊನೆಯ ಸಾಲು.

ಟೈಪ್ ಮಾಡಲು ಬಾರದವರು ಮೈಕ್ ಒತ್ತಿ ಮಾತಾಡಿ ತುಂಬಿದರೆ ನಾನು ಒಪ್ಪುತ್ತೇನೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡರೆ, ಕಣ್ಣು ಕಾಣದವರು ಪರದೆ ಓದಿ ಹೇಳುವ ಸಾಧನ ಬಳಸಿದರೆ ಅದಕ್ಕೆ ಜಾಸ್ತಿ ಅಂಕ ಕೊಡಬೇಕು. ತಮಗೆ ತಕ್ಕ ಹಾಗೆ ಯಂತ್ರವನ್ನು ಬಗ್ಗಿಸಿಕೊಂಡವರು ಅವರು.

"ಸಾವಿರಾರು ಜನಕ್ಕೆ ಹೀಗೆ ಪಕ್ಕದಲ್ಲಿ ಕೂರಲು ಆಗುತ್ತಾ?" ಅಂತ ನಿಮ್ಮಲ್ಲೊಬ್ಬರು ನನ್ನನ್ನೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನೋಡುವವರು ಬದಲಾದರೆ ಅಂಕವೂ ಬದಲಾಗುತ್ತದೆ ಅನ್ನುವ ದೂರೂ ನಿಜ. ನಾನು ಮತ್ತು ನನ್ನ ಜೊತೆಗಾರರು ಒಬ್ಬರನ್ನೇ ನೋಡಿ ಬೇರೆ ಬೇರೆ ಮೆಟ್ಟಿಲು ಬರೆದದ್ದುಂಟು. ಜಗಳ ಆಡಿ, ಹಾಳೆಯ ಮಾತುಗಳನ್ನು ತಿದ್ದಿ ತಿದ್ದಿ ಈಗ ಸುಮಾರಾಗಿ ಹೊಂದಿಕೆ ಬಂದಿದೆ. ಆದರೆ ಎಲ್ಲವನ್ನೂ ಮನುಷ್ಯರೇ ನೋಡಬೇಕು ಅಂತಿಲ್ಲ. ಫ್ರಾನ್ಸ್‌ನಲ್ಲಿ ಪಿಕ್ಸ್ ಅಂತ ಒಂದು ಸಾರ್ವಜನಿಕ ವೇದಿಕೆ ಇದೆ. ಡಿಜ್‌ಕಾಂಪ್ ನೋಡಿಕೊಂಡು 16 ಸಾಮರ್ಥ್ಯಗಳಿಗೆ ಪ್ರಶ್ನೆ ಕಟ್ಟಿದ್ದಾರೆ. ಅಲ್ಲಿ ಇಂಟರ್ನೆಟ್ ತೆರೆದೇ ಇರುತ್ತದೆ. ಹುಡುಕಿ ತನ್ನಿ ಅನ್ನುತ್ತದೆ, ಫೈಲ್ ಇಳಿಸಿಕೊಂಡು ಅದರೊಳಗೆ ಏನಿದೆ ಹೇಳಿ ಅನ್ನುತ್ತದೆ. ಸರಿ ಹೇಳಿದರೆ ಮುಂದಿನದು ಕಷ್ಟ, ತಪ್ಪಿದರೆ ಸುಲಭ. ಅಭ್ಯಾಸ ಎಷ್ಟು ಬೇಕಾದರೂ ಮಾಡಬಹುದು, ಪ್ರಮಾಣಪತ್ರ ಬೇಕಾದವರು ಮೇಲ್ವಿಚಾರಣೆಯಲ್ಲಿ ಕೂತು ಬರೆಯುತ್ತಾರೆ. ಯಂತ್ರಕ್ಕೆ ಆಗುವುದನ್ನು ಯಂತ್ರಕ್ಕೆ ಬಿಡಿ. ಉಳಿದದ್ದಕ್ಕೆ ಇಪ್ಪತ್ತು ನಿಮಿಷ ಕೊಡಿ.

"ನಿಮಗೆ ಎಷ್ಟು ಬರುತ್ತೆ, ಒಂದರಿಂದ ಐದರೊಳಗೆ ಹೇಳಿ" ಅನ್ನುವ ಫಾರ್ಮನ್ನು ಮಾತ್ರ ದಯವಿಟ್ಟು ಅಳತೆ ಅಂತ ಕರೆಯಬೇಡಿ. ನನ್ನ ತರಗತಿಯಲ್ಲಿ ಆ ಅಮ್ಮ ಒಂದು ಅಂತ ಬರೆದರು, ಬೀಗದ ಹುಡುಗ ಐದು ಅಂತ ಬರೆದ. ಇದರ ಬಗ್ಗೆ ಇನ್ನು ಜಾಸ್ತಿ ಹೇಳುವುದಿಲ್ಲ.

ಇನ್ನು ಪ್ರಮಾಣಪತ್ರದ ವಿಷಯ. ನೀವು ಕೊಡುವ ಹಾಳೆಯಲ್ಲಿ ಹೆಸರಿದೆ, ಕೋರ್ಸಿನ ಹೆಸರಿದೆ, ಇಷ್ಟು ಗಂಟೆ ಹಾಜರಿದ್ದರು ಅಂತಿದೆ, ಉತ್ತೀರ್ಣ ಅಂತಿದೆ. ಆ ಮನುಷ್ಯನಿಗೆ ಏನು ಬರುತ್ತದೆ ಅಂತ ಎಲ್ಲೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಹಿಡಿದು ಕೆಲಸಕ್ಕೆ ಹೋದರು. ಸಂದರ್ಶನ ಮಾಡಿದವರು ಹಾಳೆ ತಿರುಗಿಸಿ ನೋಡಿ, ವಾಪಸ್ ಕೊಟ್ಟು, "ಒಂದು ಪಟ್ಟಿ ಮಾಡಿ ತೋರಿಸಿ" ಅಂತ ಕಂಪ್ಯೂಟರ್ ಮುಂದೆ ಕೂರಿಸಿದರಂತೆ. ಅವರು ಮಾಡಿ ತೋರಿಸಿದರು, ಕೆಲಸವೂ ಸಿಕ್ಕಿತು. ಐದು ನಿಮಿಷದಲ್ಲಿ ಆ ಕಚೇರಿಯವರು ಮಾಡಿದ್ದನ್ನು ನಾವು ಮೂರು ತಿಂಗಳಲ್ಲಿ ಮಾಡಲಿಲ್ಲ ನೋಡಿ.

ದಾರಿ ಇಲ್ಲ ಅಂತೇನಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 2011ರಲ್ಲಿ ಓಪನ್ ಬ್ಯಾಡ್ಜ್ ಅನ್ನುವ ಯೋಜನೆ ಶುರುಮಾಡಿದರು. ಡಿಜಿಟಲ್ ಬಿಲ್ಲೆ ಅಂದುಕೊಳ್ಳಿ. ಅದನ್ನು ತೆರೆದರೆ ಯಾರು ಕೊಟ್ಟರು, ಯಾವಾಗ ಕೊಟ್ಟರು, ಏನು ಮಾಡಿದ್ದಕ್ಕೆ ಕೊಟ್ಟರು, ಅದಕ್ಕೆ ಸಾಕ್ಷಿ ಏನು ಅನ್ನುವುದನ್ನು ಅದರೊಳಗೇ ಇಡಬಹುದು. ಅಷ್ಟೆಲ್ಲ ತಂತ್ರಜ್ಞಾನ ಬೇಡವಾದರೆ ಕಾಗದದ ಮೇಲೇ ನಾಲ್ಕು ಸಾಲು ಬರೆಯಿರಿ. "ಆನ್‌ಲೈನ್ ಅರ್ಜಿಯನ್ನು ಸ್ವಂತವಾಗಿ ತುಂಬುತ್ತಾರೆ. ಅಪ್‌ಲೋಡ್‌ನಲ್ಲಿ ತೊಂದರೆ ಬಂದಾಗ ಪರಿಹಾರ ಹುಡುಕಿದರು. ನಕಲಿ ಇಮೇಲ್ ಗುರುತಿಸಲು ಇನ್ನೂ ಸಹಾಯ ಬೇಕು." ಕೊನೆಯ ಸಾಲು ಅವಮಾನ ಅನ್ನಿಸುತ್ತದಾ? ನಾನೂ ಹಾಗೇ ಅಂದುಕೊಂಡಿದ್ದೆ. ಬರೆದು ಕೊಟ್ಟಾಗ ಒಬ್ಬರು, "ಹಾಗಾದ್ರೆ ಅದೊಂದು ಕಲಿತರೆ ಆಯ್ತಲ್ಲ" ಅಂದರು. ದಿನಾಂಕವನ್ನೂ ದೊಡ್ಡದಾಗಿ ಬರೆಯಿರಿ. ಹತ್ತು ವರ್ಷದ ಹಿಂದಿನ ಡಿಜಿಟಲ್ ಪ್ರಮಾಣಪತ್ರ ಇವತ್ತಿಗೆ ಎಷ್ಟು ಹೇಳುತ್ತದೆ ಅಂತ ಓದುವವರೇ ತೀರ್ಮಾನ ಮಾಡಲಿ.

ಮತ್ತೊಂದು. ಬರುವವರೆಲ್ಲ ಖಾಲಿ ಪಾಟಿ ಹಿಡಿದು ಬರುವುದಿಲ್ಲ. ವರ್ಷಗಟ್ಟಲೆ ಅಂಗಡಿ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದವರೊಬ್ಬರು ನಮ್ಮಲ್ಲಿಗೆ ಬಂದರು. ಅವರಿಗೆ ಬೇಕಿದ್ದದ್ದು ಪ್ರಮಾಣಪತ್ರ ಒಂದೇ. ನಿಯಮ ಅಂದರೆ ನಿಯಮ, ಹಾಜರಿ ಬೇಕು. ಮೌಸ್ ಹಿಡಿಯುವುದು ಹೇಗೆ ಅನ್ನುವ ಪಾಠಕ್ಕೆ ಅವರು ಕೈಕಟ್ಟಿಕೊಂಡು ಕೂತಿದ್ದನ್ನು ನೋಡಬೇಕಿತ್ತು ನೀವು. ಎರಡನೇ ವಾರ ಬರಲಿಲ್ಲ. ಶಾಲೆಯ ಹೊರಗೆ ಕಲಿತದ್ದನ್ನು ಒಪ್ಪಿಕೊಳ್ಳುವುದು ಹೊಸ ವಿಚಾರವೇನಲ್ಲ. ಯುನೆಸ್ಕೊ 2012ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿದೆ. ಅದೇ ವರ್ಷ ಯುರೋಪಿಯನ್ ಒಕ್ಕೂಟ ತನ್ನ ದೇಶಗಳಿಗೆ ನಾಲ್ಕು ಹೆಜ್ಜೆ ಹೇಳಿತು: ಏನು ಗೊತ್ತಿದೆ ಅಂತ ಗುರುತಿಸಿ, ಅದನ್ನು ದಾಖಲೆ ಮಾಡಿ, ಅಳೆಯಿರಿ, ಪ್ರಮಾಣಪತ್ರ ಕೊಡಿ. ತರಗತಿಯಲ್ಲಿ ಕೂರಿಸಿ ಅನ್ನುವ ಹೆಜ್ಜೆ ಆ ನಾಲ್ಕರಲ್ಲಿ ಇಲ್ಲ.

ನನ್ನ ಹತ್ತಿರ ಈಗ ಹತ್ತಿಪ್ಪತ್ತು ಹಾಳೆ ಸೇರಿವೆ, ಮುಳ್ಳಿಟ್ಟ ಕೆಲಸಗಳು, ಯಾರು ಹೇಗೆ ಹೊರಬಂದರು ಅನ್ನುವ ಟಿಪ್ಪಣಿಗಳು. ಹೆಸರು ಅಳಿಸಿ ನಿಮಗೆ ಕಳಿಸಲು ತಯಾರಿದ್ದೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದು ಸಂಜೆ ಬಂದು ನನ್ನ ಪಕ್ಕದಲ್ಲಿ ಕೂತು ನೋಡಿದರೆ ಇನ್ನೂ ಒಳ್ಳೆಯದು. ನೀವೂ ಬಾಯಿ ಬಿಡುವಂತಿಲ್ಲ, ಅಷ್ಟೇ ಷರತ್ತು.

ಆ ಅಮ್ಮ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂರುತ್ತಿದ್ದಾರೆ. ಮೊನ್ನೆ ಪ್ರಶ್ನೆಗಳ ಕಟ್ಟು ತಂದು ನನ್ನ ಮುಂದಿಟ್ಟು, ಪರದೆಯ ಪ್ರಶ್ನೆಗೆ ಬೆರಳಿಟ್ಟು, "ಇಲ್ಲಿ ಔಟ್‌ಪುಟ್ ಅಂತಲೇ ಹಾಕಲಾ ಸರ್?" ಅಂತ ಕೇಳಿದರು.

ಹಾಕಿ ಅಂದೆ.

ಇತಿ,
ಒಬ್ಬ ಸಂಜೆ ತರಗತಿಯ ಮೇಷ್ಟ್ರು